ವ್ಯಾಯಾಮ ಅಂದರೇ ಆಗದವರು ಎಲ್ಲಿಂದ ಶುರು ಮಾಡಬೇಕು?

ಮಲ್ಲಿಗೆಮೊಗ್ಗು (ವಿಜಯನಗರ, ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನನಗೆ ನಲವತ್ತೊಂದು ವರ್ಷ. ಆಫೀಸಿನಲ್ಲಿ ಮಾಡಿಸಿದ ತಪಾಸಣೆಯಲ್ಲಿ ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) 6.1 ಬಂದಿದೆ. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದೀರಿ ಅಂತ ಅರ್ಥವಂತೆ. ನಮ್ಮಮ್ಮನಿಗೆ ಇತ್ತು, ದೊಡ್ಡಮ್ಮನಿಗೆ ಇದೆ. "ಸದ್ಯಕ್ಕೆ ಮಾತ್ರೆ ಬೇಡ, ವ್ಯಾಯಾಮ ಮಾಡಿ, ಮೂರು ತಿಂಗಳು ಬಿಟ್ಟು ನೋಡೋಣ" ಅಂದರು ಡಾಕ್ಟರು.

ನನಗೆ ವ್ಯಾಯಾಮ ಇಷ್ಟವಿಲ್ಲ. ಚಿಕ್ಕಂದಿನಿಂದಲೂ ಇಲ್ಲ. ಶಾಲೆಯಲ್ಲಿ ಪಿ.ಟಿ. ಪೀರಿಯಡ್ ಬಂತೆಂದರೆ ಹೊಟ್ಟೆ ತೊಳಸುತ್ತಿತ್ತು. ಮೈದಾನ ಸುತ್ತುವಾಗ ಕೊನೆಗೆ ಉಳಿದವರನ್ನು ಎಲ್ಲರೆದುರು ಇನ್ನೊಂದು ಸುತ್ತು ಓಡಿಸುತ್ತಿದ್ದರು. ದೊಡ್ಡವಳಾದ ಮೇಲೆ ಜಿಮ್‌ಗೂ ಹೋಗಿದ್ದೇನೆ. ಅಲ್ಲಿನ ಹುಡುಗ ಮೊದಲ ದಿನವೇ ಬಸ್ಕಿ ಹೊಡೆಸಿ ಹೊಡೆಸಿ, ಮಾರನೆಯ ದಿನ ಮೆಟ್ಟಿಲು ಇಳಿಯುವುದಕ್ಕೂ ಗೋಡೆ ಹಿಡಿಯಬೇಕಾಯಿತು. ವ್ಯಾಯಾಮ ಮುಗಿದ ಮೇಲೆ ಹಾಯೆನಿಸುತ್ತೆ ಅಂತ ಎಲ್ಲರೂ ಹೇಳುತ್ತಾರಲ್ಲ, ನನಗೆ ಒಂದು ಸಲವೂ ಹಾಗನಿಸಿಲ್ಲ.

"ಒಂದು ವಾರ ಮಾಡಿ ನೋಡಿ, ಆಮೇಲೆ ಬಿಡೋಕೇ ಮನಸ್ಸಾಗಲ್ಲ" ಅನ್ನುವ ಮಾತು ಬೇಡ, ಸಾಕಷ್ಟು ಕೇಳಿದ್ದೇನೆ. ನನ್ನ ಹಾಗೇ ಇಷ್ಟವಿಲ್ಲದೆ ಇದ್ದೂ ಹೇಗೋ ಒಂದು ದಾರಿ ಮಾಡಿಕೊಂಡವರು ಇದ್ದರೆ ದಯವಿಟ್ಟು ಹೇಳಿ.

---

ಕುಂದವಾಡದ ಗಾಳಿ (ದಾವಣಗೆರೆ)

ಪಿ.ಟಿ. ಪೀರಿಯಡ್ ವಿಷಯ ಓದಿ ಕಣ್ಣು ತುಂಬಿ ಬಂತು ಅಕ್ಕ. ನಮ್ಮಂಥವರು ಎಷ್ಟು ಜನ ಇದ್ದೇವೋ. ಉತ್ತರಗಳಿಗೆ ನಾನೂ ಕಾಯುತ್ತಿದ್ದೇನೆ.

---

ಉಣಕಲ್ ದಂಡೆ (ಹುಬ್ಬಳ್ಳಿ)

ಅಕ್ಕಾರ, ನಾನು ಫಿಸಿಯೋಥೆರಪಿ ಮಾಡಾಂವ. ಮಂಡಿ ನೋವು, ಸೊಂಟ ನೋವು ಅಂತ ಬರೋ ಮಂದಿಗೆ "ದಿನಾ ಏನರ ವ್ಯಾಯಾಮ ಮಾಡ್ತೀರೇನು?" ಅಂತ ಕೇಳಿದ್ರ, ತಲಿ ಕೆಳಗ ಹಾಕಿ "ನಮಗ ಸೇರಂಗಿಲ್ರಿ" ಅಂತಾರ, ಏನೋ ತಪ್ಪು ಮಾಡಿದವರ ಹಂಗ. ಅದನ್ನ ಕೇಳಿದಾಗೆಲ್ಲಾ ನನಗ ಸಂಕಟ ಆಗ್ತದ. ಯಾಕಂದ್ರ ಸೇರದೇ ಇರೋದಕ್ಕ ದೇಹದೊಳಗೇ ಕಾರಣ ಅದ.

ಪ್ಯಾಂಟೆಲೈಮನ್ ಎಕ್ಕೆಕಾಕಿಸ್ ಅಂತ ಒಬ್ಬರು ಸಂಶೋಧಕರು ಅಮೆರಿಕಾದಾಗ ಇದನ್ನ ಭಾಳ ವರ್ಷದಿಂದ ಅಭ್ಯಾಸ ಮಾಡ್ಯಾರ. ವ್ಯಾಯಾಮ ಮುಗಿದ ಮ್ಯಾಲ ಕೇಳೋದು ಬಿಟ್ಟು, ಮಾಡ್ತಿರೋವಾಗನ "ಈಗ ಹೆಂಗ ಅನಸ್ತದ?" ಅಂತ ಕೇಳ್ತಾ ಹೋದ್ರು. ತಿಳಿದದ್ದು ಏನಂದ್ರ, ಉಸಿರಾಟ ಒಂದು ಮಟ್ಟಕ್ಕ ಏರೋತನಕ ಬಹಳಷ್ಟು ಮಂದಿಗೆ ಹಿತಾನೇ ಇರ್ತದ. ಆ ಮಟ್ಟ ದಾಟಿದ ಕೂಡ್ಲೇ ಹೆಚ್ಚು ಕಡಿಮಿ ಎಲ್ಲರಿಗೂ ಸಂಕಟ ಶುರು ಆಗ್ತದ. ಇನ್ನೊಂದು ಮಾತು, ದಿನಾ ಕುರ್ಚಿ ಮ್ಯಾಲೇ ಕೆಲಸ ಮಾಡೋರಿಗೆ ಆ ಮಟ್ಟ ಭಾಳ ಕೆಳಗ ಇರ್ತದ. ರೂಢಿ ಇದ್ದವರು ಆರಾಮಾಗಿ ಮಾತಾಡ್ಕೋತ ಹೋಗೋ ವೇಗಕ್ಕ ನಿಮಗ ಏದುಸಿರು ಬರಬಹುದು. ಶಾಲಿಯೊಳಗ ನಿಮ್ಮನ್ನ ಓಡಿಸಿದ್ದು, ಜಿಮ್‌ನಾಗ ಬಸ್ಕಿ ಹೊಡೆಸಿದ್ದು, ಎರಡೂ ಆ ಗೆರಿ ದಾಟಿಸಿ ಮಾಡಿಸಿದ್ದೇ. ಅದು ಹೆಂಗ ಸೇರಬೇಕು ಹೇಳ್ರಿ?

ಹಂಗಾಗಿ ನನ್ನ ಸಲಹೆ ಇಷ್ಟ: ಮೊದಲ ಕೆಲವು ವಾರ ಆ ಗೆರಿ ಮುಟ್ಟಲಿಕ್ಕೇ ಹೋಗಬ್ಯಾಡ್ರಿ. ಗೆರಿ ಎಲ್ಲಿ ಅದ ಅಂತ ತಿಳಿಯಲಿಕ್ಕ ಗಡಿಯಾರ, ಮಷೀನು ಏನೂ ಬೇಕಿಲ್ಲ. ನಡೀವಾಗ ಮಗ್ಗಲದವರ ಜೋಡಿ ಪೂರಾ ವಾಕ್ಯ ಮಾತಾಡ್ಲಿಕ್ಕೆ ಬರಬೇಕು, ಆದ್ರ ಹಾಡ್ಲಿಕ್ಕೆ ಬರಬಾರದು. ಅದು ಮಧ್ಯಮ ವೇಗ. ಹಾಡ್ಲಿಕ್ಕೂ ಬಂದ್ರ ನಿಧಾನ ಅದ, ಮೊದಲನೇ ವಾರಕ್ಕ ಅದೂ ನಡೀತದ. ಎರಡು ಶಬ್ದಕ್ಕೊಮ್ಮೆ ಉಸಿರು ಎಳೀತಿದ್ರ ವೇಗ ಇಳಿಸ್ರಿ.

ಹೊತ್ತಿನ ಲೆಕ್ಕ ಕೇಳಿದ್ರ, ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ ಅಂತದ. ಆ ಅಂಕಿ ನೋಡೇ ಮಂದಿ ಗಾಬರಿ ಆಗ್ತಾರ. ಮೊದಲು ಕನಿಷ್ಠ ಹತ್ತು ನಿಮಿಷ ಸತತ ಮಾಡಿದ್ರಷ್ಟೇ ಲೆಕ್ಕಕ್ಕ ಹಿಡೀಬೇಕು ಅಂತಿದ್ರು. 2020ರ ಮಾರ್ಗಸೂಚಿಯೊಳಗ ಆ ಷರತ್ತು ತೆಗೆದ್ರು. ಈಗ ಎರಡು ನಿಮಿಷ ಮೆಟ್ಟಿಲು ಹತ್ತಿದ್ದೂ ಲೆಕ್ಕಕ್ಕ ಬರ್ತದ.

ಇನ್ನೊಂದು ಹೇಳಿ ಮುಗಿಸ್ತೀನಿ. ಹಗುರಾಗಿ ಶುರು ಮಾಡಿ ಕಡೀಕ ಜೋರು ಮಾಡೋದು ನಮ್ಮ ರೂಢಿ. 2016ರಾಗ ಎಕ್ಕೆಕಾಕಿಸ್ ಮತ್ತ ಅವರ ಜೋಡಿದಾರರು ಅದನ್ನ ತಿರುಗಿಸಿ ನೋಡಿದ್ರು: ಮೊದಲು ಬಿರುಸು, ಬರಬರ್ತಾ ಇಳಿತಾ ಹೋಗೋದು. ಅಷ್ಟೇ ಹೊತ್ತು, ಅಷ್ಟೇ ಶ್ರಮ. ಹಂಗ ಮಾಡಿದವರಿಗೆ ಆ ವ್ಯಾಯಾಮದ ನೆನಪು ಹೆಚ್ಚು ಹಿತವಾಗಿ ಉಳೀತು. ನೀವೂ ಮೈ ಬಿಸಿ ಆದ ಮ್ಯಾಲ ನಡಬರಕ ಸ್ವಲ್ಪ ಚುರುಕು ನಡೀರಿ, ಕಡೀ ಐದು ನಿಮಿಷ ಆರಾಮಾಗಿ ಅಡ್ಡಾಡ್ಕೋತ ಮನೀಗೆ ಬರ್ರಿ.

ಎದಿ ಒತ್ತಿದಂಗ ಆದ್ರ, ತಲಿ ತಿರುಗಿದ್ರ ಅಲ್ಲೇ ನಿಂತು ಡಾಕ್ಟರ ಹತ್ರ ಹೋಗ್ರಿ. ಅದರಾಗ ರಾಜಿ ಇಲ್ಲ.

---

ಮೈಸೂರು ಮೇಷ್ಟ್ರು (ಕೃಷ್ಣಮೂರ್ತಿಪುರಂ)

ಹುಬ್ಬಳ್ಳಿಯವರು ಹೇಳಿದ್ದು ನೂರಕ್ಕೆ ನೂರು ಸರಿ. ಒಂದು ಮಾತು ಸೇರಿಸುತ್ತೇನೆ.

ನಮ್ಮೂರಿನ ಗರಡಿ ಮನೆಗಳಲ್ಲಿ ಹೊಸದಾಗಿ ಬಂದ ಹುಡುಗನನ್ನು ಅದೇ ದಿನ ಕುಸ್ತಿಗೆ ಬಿಡುತ್ತಿರಲಿಲ್ಲ. ಮೊದಲು ಮಟ್ಟಿ ಅಗೆಯಬೇಕು, ಹದ ಮಾಡಬೇಕು. ಎಣ್ಣೆ, ಅರಿಶಿನ ಬೆರೆತ ಕೆಮ್ಮಣ್ಣು ಅದು. ಗುದ್ದಲಿ ಹಿಡಿದು ಅದನ್ನು ತಿರುವಿ ಹಾಕುವಷ್ಟರಲ್ಲಿ ತೋಳು, ಬೆನ್ನು, ತೊಡೆ ಎಲ್ಲಕ್ಕೂ ಕೆಲಸವಾಗುತ್ತಿತ್ತು. ಆ ಹುಡುಗನಿಗೆ ಮಾತ್ರ ತಾನು ವ್ಯಾಯಾಮ ಮಾಡುತ್ತಿದ್ದೇನೆ ಅನ್ನುವ ಭಾವನೆಯೇ ಇರುತ್ತಿರಲಿಲ್ಲ. ನಾಲ್ಕು ಜನರ ಜೊತೆ ಗರಡಿಯ ಕೆಲಸದಲ್ಲಿ ಕೈ ಜೋಡಿಸಿದ್ದೇನೆ ಅಂದುಕೊಳ್ಳುತ್ತಿದ್ದ. ಹಿರಿಯ ಉಸ್ತಾದರು ಇದನ್ನು ಯಾವ ಪ್ರಯೋಗಾಲಯಕ್ಕೂ ಹೋಗದೆ ತಿಳಿದಿದ್ದರು.

ಇನ್ನು ಚಾಮುಂಡಿ ಬೆಟ್ಟ. "ಸಾವಿರ ಮೆಟ್ಟಿಲು ಹತ್ತಿ ಇಳೀತೀನಿ" ಅಂತ ಉತ್ಸಾಹದಲ್ಲಿ ಹೊರಡುವ ಹೊಸಬರಿಗೆಲ್ಲ ನಾನು ಹೇಳುವುದು ಒಂದೇ: ಹತ್ತಿ, ಇಳಿಯಬೇಡಿ. ಹತ್ತುವಾಗ ಉಸಿರು ಹೋಗುತ್ತದೆ, ನಿಂತರೆ ಬರುತ್ತದೆ. ನಂದಿಯ ಹತ್ತಿರ ಕೂತು ಮೈಸೂರು ನೋಡಿಕೊಂಡು ಸುಧಾರಿಸಿಕೊಳ್ಳಬಹುದು. ಇಳಿಯುವಾಗ ಪ್ರತಿ ಮೆಟ್ಟಿಲಿಗೂ ಮೈಭಾರವನ್ನೆಲ್ಲ ತೊಡೆಯೇ ತಡೆಯಬೇಕು, ಸ್ನಾಯು ಹಿಗ್ಗುತ್ತಲೇ ಬಿಗಿ ಹಿಡಿಯಬೇಕು. ಅಲ್ಲೇ ತೊಡೆ ನಡುಗುವುದು. ಮಾರನೆಯ ದಿನ, ಅದರ ಮಾರನೆಯ ದಿನ ಕಾಡುವ ನೋವು ಹೆಚ್ಚಾಗಿ ಇಳಿದದ್ದರಿಂದ ಬಂದದ್ದು. ಬೆಟ್ಟದ ಮೇಲಿಂದ ಸಿಟಿ ಬಸ್ಸಿದೆ, ದೇವಿಗೆ ಕೈ ಮುಗಿದು ಬಸ್ಸು ಹತ್ತಿ ಬನ್ನಿ. ಇಳಿಯುವ ಅಭ್ಯಾಸ ಕೆಲವು ವಾರವಾದ ಮೇಲೆ ಸ್ವಲ್ಪ ಸ್ವಲ್ಪವಾಗಿ ಮಾಡಿಕೊಳ್ಳಬಹುದು.

ಬೆಟ್ಟವೇ ಬೇಡ ಎನ್ನುವವರಿಗೆ ಕುಕ್ಕರಹಳ್ಳಿ ಕೆರೆ ಏರಿ ಇದೆ. ಹಕ್ಕಿ ನೋಡಲೆಂದು ಹೋದರೂ ಕಾಲಿಗೆ ಕೆಲಸ ಆಗಿಯೇ ಆಗುತ್ತದೆ.

---

ಕಬ್ಬಿಣದ ಕಡಲೆ (ತುಮಕೂರು)

ಎಲ್ಲರೂ ನಡಿಗೆ ನಡಿಗೆ ಅಂತಿದೀರ. ನಾನು ಒಪ್ಪಲ್ಲ. ನಲವತ್ತು ದಾಟಿದವರಿಗೆ, ಅದರಲ್ಲೂ ಹೆಂಗಸರಿಗೆ, ಸ್ನಾಯು ಕಳೆದುಹೋಗುವುದೇ ದೊಡ್ಡ ಸಮಸ್ಯೆ. ಮುಟ್ಟು ನಿಂತ ಮೇಲೆ ಮೂಳೆಯೂ ಸವೆಯುತ್ತೆ. ಊಟದಿಂದ ಬಂದ ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳುವುದೇ ಸ್ನಾಯು. ಭಾರ ಎತ್ತದೆ ಬರೀ ನಡೆದರೆ ಅರ್ಧ ಕೆಲಸ ಆದ ಹಾಗೆ.

---

ಉಣಕಲ್ ದಂಡೆ (ಹುಬ್ಬಳ್ಳಿ)

ನಿಮ್ಮ ಮಾತು ಖರೇ ಅದ್ರಿ. ವಾರಕ್ಕ ಎರಡು ದಿನ ಸ್ನಾಯು ಬಲದ ವ್ಯಾಯಾಮ ಬೇಕು ಅಂತ ಅದೇ ಮಾರ್ಗಸೂಚಿಯೊಳಗ ಅದ. ಆದ್ರ ಅಕ್ಕಾರು ಭಾರ ಎತ್ತಿಸಿಕೊಂಡೇ ಬೇಸತ್ತವರು. ಮೊದಲ ತಿಂಗಳು ಕಾಲು ಹೊರಗ ಬೀಳಲಿ. ಆಮ್ಯಾಲ ಕುರ್ಚಿಯಿಂದ ಕೈ ಊರದೇ ಎದ್ದು ಕೂಡೋದು, ಗ್ವಾಡಿಗೆ ಕೈ ಕೊಟ್ಟು ದಂಡ ಹೊಡಿಯೋದು, ಒಂದೊಂದು ಲೀಟರಿನ ನೀರಿನ ಬಾಟಲಿ ಎರಡೂ ಕೈಯಾಗ ಹಿಡಿದು ಎತ್ತೋದು. ಎಂಟು ಹತ್ತು ಸಲ ಮಾಡಿ, ಇನ್ನೂ ಎರಡು ಮೂರು ಮಾಡಬಹುದಿತ್ತು ಅನ್ನೋವಾಗನ ನಿಲ್ಲಿಸ್ರಿ. ಮೈಕೈ ನೋವು ಬಂದ್ರನೇ ವ್ಯಾಯಾಮ ಅನ್ನೋ ಮಾತು ಬಿಟ್ಟು ಬಿಡ್ರಿ.

---

ಮಲ್ಲಿಗೆಮೊಗ್ಗು (ವಿಜಯನಗರ, ಬೆಂಗಳೂರು)

ಎಷ್ಟು ಚೆನ್ನಾಗಿ ತಿಳಿಸಿ ಹೇಳಿದ್ದೀರಿ! ಗೆರೆಯ ವಿಷಯ ನನಗೆ ಗೊತ್ತೇ ಇರಲಿಲ್ಲ. ಮನಸ್ಸಿನ ಮೇಲಿದ್ದ ಭಾರ ಇಳಿದಂತಾಯಿತು.

ಈಗ ಸಮಯದ ವಿಷಯ. ಬೆಳಿಗ್ಗೆ ಅಡುಗೆ, ಮಗಳ ಸ್ಕೂಲು. ಆಮೇಲೆ ನೇರಳೆ ಮಾರ್ಗದ ಮೆಟ್ರೋ ಹಿಡಿದು ಪಟ್ಟಂದೂರು ಅಗ್ರಹಾರಕ್ಕೆ ಹೋಗಬೇಕು. ವಾಪಸ್ ಬರುವ ಹೊತ್ತಿಗೆ ಕತ್ತಲು. ಫುಟ್‌ಪಾತ್ ಸರಿಯಿಲ್ಲ, ನಾಯಿ ಕಾಟ ಬೇರೆ. ಬೆಳಿಗ್ಗೆ ಐದಕ್ಕೆ ಏಳಿ ಅಂತ ಮಾತ್ರ ಹೇಳಬೇಡಿ. ಐದೂವರೆಗೆ ಎದ್ದರೂ ಒಲೆ ಮುಂದೆಯೇ ನಿಂತಿರುತ್ತೇನೆ.

---

ನಿರ್ವಾಹಕರ ಮಗ (ಯಶವಂತಪುರ)

ಅಕ್ಕ, ನಿಮ್ಮ ವ್ಯಾಯಾಮ ಮೆಟ್ರೋ ಸ್ಟೇಷನ್ನಿನಲ್ಲೇ ಇದೆ!

ನಮ್ಮಪ್ಪ ಬಸ್ ಕಂಡಕ್ಟರ್ ಆಗಿದ್ದವರು, ಅದಕ್ಕೇ ಈ ಸಂಗತಿ ಎಲ್ಲಿ ಸಿಕ್ಕರೂ ಬಿಡದೆ ಓದುತ್ತೇನೆ. ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಡ್ರೈವರುಗಳನ್ನೂ ಕಂಡಕ್ಟರುಗಳನ್ನೂ ಜೆರ್ರಿ ಮಾರಿಸ್ ಎಂಬ ವೈದ್ಯರು ಹೋಲಿಸಿ ನೋಡಿದರು. ವರದಿ ಪ್ರಕಟವಾದದ್ದು 1953ರಲ್ಲಿ. ಇಬ್ಬರದೂ ಒಂದೇ ಬಸ್ಸು, ಒಂದೇ ಪಾಳಿ, ಹೆಚ್ಚು ಕಡಿಮೆ ಒಂದೇ ಬಗೆಯ ಮನೆತನ. ಒಬ್ಬರು ದಿನವಿಡೀ ಕೂತಿರುತ್ತಿದ್ದರು, ಇನ್ನೊಬ್ಬರು ಟಿಕೆಟ್ ಕೊಡಲು ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಹೃದಯದ ಕಾಯಿಲೆ ಕಂಡಕ್ಟರುಗಳಲ್ಲಿ ಎದ್ದು ಕಾಣುವಷ್ಟು ಕಡಿಮೆ ಇತ್ತು. ಅವರು ಯಾರೂ ಅದನ್ನು ಇಷ್ಟಪಟ್ಟು ಮಾಡಿದವರಲ್ಲ, ಹೊಟ್ಟೆಪಾಡಿಗೆ ಮಾಡಿದವರು. ಇಷ್ಟವಿಲ್ಲದಿದ್ದರೂ ಮೈಗೆ ಫಲ ಸಿಕ್ಕಿತು.

ಎಸ್ಕಲೇಟರ್ ಬಿಟ್ಟು ಮೆಟ್ಟಿಲು ಹಿಡಿಯಿರಿ. ಮನೆಯಿಂದ ಸ್ಟೇಷನ್ನಿಗೆ ಆಟೋ ಹಿಡಿಯುತ್ತಿದ್ದರೆ ಒಂದು ಹೊತ್ತು ನಡೆಯಿರಿ.

---

ಕಬ್ಬಿಣದ ಕಡಲೆ (ತುಮಕೂರು)

ಆ ಲಂಡನ್ ಅಧ್ಯಯನದ ಮುಂದಿನ ಭಾಗವೂ ಇದೆ. ಮಾರಿಸ್ ಅವರೇ 1956ರಲ್ಲಿ ಸಮವಸ್ತ್ರದ ಅಳತೆಗಳನ್ನು ತೆಗೆದು ನೋಡಿದರು. ಡ್ರೈವರುಗಳ ಪ್ಯಾಂಟಿನ ಸೊಂಟದ ಅಳತೆ ಕಂಡಕ್ಟರುಗಳದ್ದಕ್ಕಿಂತ ದೊಡ್ಡದಿತ್ತು, ಚಿಕ್ಕ ವಯಸ್ಸಿನವರಲ್ಲೂ. ಅಂದರೆ ಕೆಲಸಕ್ಕೆ ಸೇರುವಾಗಲೇ ಒಂದಿಷ್ಟು ವ್ಯತ್ಯಾಸ ಇದ್ದಿರಬಹುದು. ಮೆಟ್ಟಿಲಿಗೇ ಪೂರ್ತಿ ಹೆಸರು ಕೊಡೋಕಾಗಲ್ಲ.

---

ನಿರ್ವಾಹಕರ ಮಗ (ಯಶವಂತಪುರ)

ಹೌದು, ನಿಜ. ತಮ್ಮ ತೀರ್ಮಾನವನ್ನೇ ಹಾಗೆ ಒರೆಗೆ ಹಚ್ಚಿದರು ಅನ್ನುವುದಕ್ಕೇ ಅವರ ಮೇಲೆ ನನಗೆ ಗೌರವ. ಆದರೆ ಆಮೇಲೆ ಬಂದ ಅಧ್ಯಯನಗಳೂ ಅದೇ ದಿಕ್ಕು ತೋರಿಸಿವೆ. 2022ರಲ್ಲಿ ಬ್ರಿಟನ್ನಿನ ಒಂದು ದೊಡ್ಡ ಮಾಹಿತಿ ಸಂಗ್ರಹದಿಂದ, ಯಾವ ವ್ಯಾಯಾಮವನ್ನೂ ಮಾಡದವರನ್ನೇ ಆರಿಸಿ ನೋಡಿದರು. ಕೈಗೆ ಕಟ್ಟಿದ್ದ ಯಂತ್ರ ಅವರ ಚಲನೆಯನ್ನು ಅಳೆದಿತ್ತು. ಬಸ್ಸು ಹಿಡಿಯಲು ಬಿರಬಿರನೆ ಹೋಗುವುದು, ಚೀಲ ಹೊತ್ತು ಮೆಟ್ಟಿಲು ಹತ್ತುವುದು, ಹೀಗೆ ಒಂದೆರಡು ನಿಮಿಷದ ಬಿರುಸು ದಿನಕ್ಕೆ ಮೂರು ಸಲ ಇದ್ದವರಲ್ಲಿ ಸಾವಿನ ಪ್ರಮಾಣ ಸಾಕಷ್ಟು ಕಡಿಮೆ ಇತ್ತು. ಇಂಥ ಅಧ್ಯಯನ ಕಾರಣವನ್ನು ಪೂರ್ತಿ ಸಾಬೀತು ಮಾಡುವುದಿಲ್ಲ, ಒಪ್ಪುತ್ತೇನೆ. ಆದರೆ ಮೆಟ್ಟಿಲು ಹತ್ತಿ ನೋಡುವುದಕ್ಕೆ ಇಷ್ಟು ಸಾಕು.

---

ದಿಗಿಣ (ಮಂಗಳೂರು)

ನನ್ನದು ಬೇರೆಯೇ ದಾರಿ. ಜಿಮ್ ಆಗುವುದಿಲ್ಲ, ಓಟ ಆಗುವುದಿಲ್ಲ, ಇಲ್ಲಿನ ಸೆಕೆಗೆ ಹತ್ತು ನಿಮಿಷ ನಡೆದರೆ ಅಂಗಿ ಒದ್ದೆ. ಗೆಳೆಯನೊಬ್ಬ ಒತ್ತಾಯ ಮಾಡಿ ಯಕ್ಷಗಾನದ ಹೆಜ್ಜೆ ಕಲಿಯಲು ಕರಕೊಂಡು ಹೋದ. ದೊಡ್ಡವರಿಗೂ ಕಲಿಸುವ ಗುರುಗಳು ನಮ್ಮಲ್ಲಿ ಇದ್ದಾರೆ.

ಮೊದಲಿಗೆ ಮಂಡಿ ಸ್ವಲ್ಪ ಬಗ್ಗಿಸಿ ನಿಲ್ಲುವುದೇ ಪಾಠ. ಬಾಯಿತಾಳ ಹೇಳುತ್ತಾ ಹೆಜ್ಜೆ ಹಾಕಬೇಕು. ತೊಡೆ ಉರಿಯುವುದು ಗೊತ್ತಾಗುತ್ತದೆ, ಆದರೆ ಗಮನ ಅಲ್ಲಿರುವುದಿಲ್ಲ. ತಾಳ ತಪ್ಪಿತಾ, ಎಡಗಾಲು ಮೊದಲಾ ಬಲಗಾಲಾ, ಕೈ ಎಲ್ಲಿರಬೇಕು, ಗುರುಗಳು ಏನು ಹೇಳಿದರು, ತಲೆಯಲ್ಲಿ ಇಷ್ಟೇ. ಚೆಂಡೆ ಸೇರಿದ ದಿನವಂತೂ ಗಂಟೆ ಹೋದದ್ದು ತಿಳಿಯುವುದಿಲ್ಲ. ನನ್ನ ಗುರಿ ದಿಗಿಣ ಹಾಕುವುದು, ಅಂದರೆ ಗಿರ್ರನೆ ತಿರುಗುತ್ತಾ ಹಾರಿ ಕುಣಿಯುವುದು. ಅದಕ್ಕೆ ಕಾಲಿನಲ್ಲಿ ಬಲ ಬೇಕು ಅಂತ ಈಗ ಮನೆಯಲ್ಲಿ ನಾನಾಗಿಯೇ ಬಸ್ಕಿ ಹೊಡೆಯುತ್ತೇನೆ. ಆರೋಗ್ಯಕ್ಕೆ ಒಳ್ಳೆಯದು ಅಂತ ಹೇಳಿದ್ದರೆ ನಾನು ಖಂಡಿತ ಮಾಡುತ್ತಿರಲಿಲ್ಲ.

ನಿಮ್ಮ ಕಡೆ ಡೊಳ್ಳು, ಕಂಸಾಳೆ, ಕೋಲಾಟ ಕಲಿಸುವವರು ಇದ್ದರೆ ಒಮ್ಮೆ ಹೋಗಿ ನೋಡಿ ಅಕ್ಕ. ಮಗಳನ್ನೂ ಕರಕೊಂಡು ಹೋಗಿ.

---

ಹಿಮದೂರಿನ ಕನ್ನಡತಿ (ಮಿನಿಯಾಪೊಲಿಸ್)

ಇಲ್ಲಿ ಚಳಿಗಾಲದಲ್ಲಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಇಳಿಯುವುದು ಹೊಸದಲ್ಲ. ನಗರದ ನಡುವೆ ಕಟ್ಟಡದಿಂದ ಕಟ್ಟಡಕ್ಕೆ ಗಾಜು ಮುಚ್ಚಿದ ಮೇಲ್ಸೇತುವೆಗಳಿವೆ, ಸ್ಕೈವೇ ಅನ್ನುತ್ತಾರೆ, ಮೈಲಿಗಟ್ಟಲೆ ಉದ್ದ. ದೊಡ್ಡ ಮಾಲ್‌ಗಳಲ್ಲೂ ಅಂಗಡಿ ತೆರೆಯುವ ಮೊದಲೇ ಬಂದು ಸುತ್ತು ಹಾಕುವ ಹಿರಿಯರು ಇರುತ್ತಾರೆ. ನಾನೂ ಅವರ ಜೊತೆ ಒಬ್ಬಳು.

ನಡೆಯುವುದು ನನಗೆ ಇವತ್ತಿಗೂ ಬೇಸರದ ಕೆಲಸವೇ. ಆದರೆ ಶಿವಮೊಗ್ಗದಲ್ಲಿರುವ ನಮ್ಮಕ್ಕನ ಜೊತೆ ಮಾತಾಡುವುದು ಬೇಸರವಲ್ಲ. ಇಲ್ಲಿ ಚಳಿಗಾಲದ ಬೆಳಿಗ್ಗೆ ಏಳು ಗಂಟೆ ಎಂದರೆ ಅಲ್ಲಿ ಸಂಜೆ ಆರೂವರೆ, ಅಕ್ಕ ದೀಪ ಹಚ್ಚಿ ಬಿಡುವಾಗಿರುತ್ತಾಳೆ. ಇಬ್ಬರೂ ಒಂದು ನಿಯಮ ಮಾಡಿಕೊಂಡಿದ್ದೇವೆ: ನಡೆಯುವಾಗ ಮಾತ್ರ ಫೋನು. ನಾನು ಸ್ಕೈವೇಯಲ್ಲಿ, ಅವಳು ತಾರಸಿಯ ಮೇಲೆ. ಕೂತು ಮಾತಾಡುವ ಹಾಗಿಲ್ಲ. ಅತ್ತಿಗೆಯ ವಿಷಯ ಅರ್ಧಕ್ಕೆ ನಿಂತರೆ ಉಳಿದದ್ದು ಕೇಳುವುದಕ್ಕಾದರೂ ಮಾರನೆಯ ದಿನ ಬೂಟು ಹಾಕುತ್ತೇನೆ.

ಇದನ್ನೂ ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಕ್ಯಾಥರಿನ್ ಮಿಲ್ಕ್‌ಮನ್ ಮತ್ತು ಜೊತೆಯವರ 2014ರ ಅಧ್ಯಯನದಲ್ಲಿ, ಬಿಡದೆ ಓದಿಸಿಕೊಂಡು ಹೋಗುವಂಥ ಕಾದಂಬರಿಗಳ ಆಡಿಯೋ ಜಿಮ್‌ನಲ್ಲಿ ಮಾತ್ರ ಕೇಳಲು ಸಿಗುವಂತೆ ಮಾಡಿದರು. ಅಂಥವರು ಮೊದಮೊದಲು ಉಳಿದವರಿಗಿಂತ ಹೆಚ್ಚು ಸಲ ಜಿಮ್‌ಗೆ ಬಂದರು. ರಜೆ ಬಂದು ನಡುವೆ ಬಿಟ್ಟುಹೋದ ಮೇಲೆ ಆ ಪರಿಣಾಮ ಇಳಿಯಿತು. ಆದ್ದರಿಂದ ಹಬ್ಬ, ಮದುವೆ, ಪರೀಕ್ಷೆ ಮುಗಿದ ಮೇಲೆ ಮತ್ತೆ ಯಾವ ದಿನ ಶುರು ಅನ್ನುವುದನ್ನು ಮೊದಲೇ ಗೊತ್ತು ಮಾಡಿಟ್ಟುಕೊಳ್ಳಿ.

---

ಕುಂದವಾಡದ ಗಾಳಿ (ದಾವಣಗೆರೆ)

ನಾನೂ ಒಂದು ಕೇಳಬಹುದಾ? ನಮ್ಮದು ಕೂಡು ಕುಟುಂಬ. ಕುಂದವಾಡ ಕೆರೆ ದಂಡೆ ಚೆನ್ನಾಗಿದೆ, ಆದರೆ ಮನೆಯಿಂದ ದೂರ. ಒಬ್ಬಳೇ ವಾಕಿಂಗ್ ಅಂತ ಹೊರಟರೆ ಮನೆಯಲ್ಲಿ ನೂರು ಪ್ರಶ್ನೆ. ಮನೆಕೆಲಸವೇ ವ್ಯಾಯಾಮ ಅಲ್ವಾ ಅಂತಾರೆ ಅತ್ತೆ.

---

ಉಣಕಲ್ ದಂಡೆ (ಹುಬ್ಬಳ್ಳಿ)

ಅತ್ತೀಯವರ ಮಾತು ಪೂರಾ ಸುಳ್ಳಲ್ಲ ತಂಗಿ. ನೆಲ ಒರಸೋದು, ನೀರು ಹೊರೋದು, ಬಟ್ಟಿ ಒಗೀಯೋದು ಎಲ್ಲಾ ಲೆಕ್ಕಕ್ಕ ಬರ್ತಾವ. ಆದ್ರ ಮಿಕ್ಸಿ, ವಾಷಿಂಗ್ ಮಷೀನು ಬಂದ ಮ್ಯಾಲ ಒಲಿ ಮುಂದ ನಿಂತಿರೋದೇ ಹೆಚ್ಚಾಗ್ಯದ. ನಿಂತು ನಿಂತು ದಣಿವು ಆಗ್ತದ, ಎದಿಗೆ ಶ್ರಮ ಆಗೂದಿಲ್ಲ.

ತಾರಸಿ ಮ್ಯಾಲ ಎಂಟರ ಆಕಾರದಾಗ ನಡೀರಿ. ಒಂದೇ ಕಡೆ ಸುತ್ತಿದ್ರ ತಲಿ ತಿರುಗಿದಂಗ ಆಗ್ತದ, ಎಂಟರಾಗ ಎಡಕ್ಕೂ ಬಲಕ್ಕೂ ತಿರುವು ಬರ್ತದ. ರಾತ್ರಿ ಊಟ ಆದ ಮ್ಯಾಲ ಹತ್ತು ಹದಿನೈದು ನಿಮಿಷ ಸಾಕು. ಊಟ ಆದ ಮ್ಯಾಲೆ ನಡೆದ್ರ ರಕ್ತದಾಗಿನ ಸಕ್ಕರೆ ಏರೋದು ಕಡಿಮಿ ಆಗ್ತದ. ಅತ್ತೀಯವರನ್ನೂ ಕರೀರಿ. ಅವರಿಗೆ ಸಕ್ಕರೆ ಕಾಯಿಲೆ ಇದ್ದು ಇನ್ಸುಲಿನ್ ಇಲ್ಲಾ ಮಾತ್ರೆ ತಗೋತಿದ್ರ ಮೊದಲು ಡಾಕ್ಟರಿಗೆ ಹೇಳಿರಬೇಕು, ಕೆಲವು ಮಾತ್ರೆಯೊಳಗ ಸಕ್ಕರೆ ತೀರಾ ಇಳೀತದ. ಬರಿಗಾಲಿಲೆ ಬ್ಯಾಡ, ಚಪ್ಪಲಿ ಹಾಕ್ಕೊಳ್ಳಿ.

---

ಮಲ್ಲಿಗೆಮೊಗ್ಗು (ವಿಜಯನಗರ, ಬೆಂಗಳೂರು)

ಈ ಎಂಟರ ಆಕಾರ ನನಗೂ ಆಗುತ್ತೆ! ನಮ್ಮದು ಮೂರನೇ ಮಹಡಿ, ಮೇಲೆ ತಾರಸಿ ಇದೆ, ನಾಯಿ ಕಾಟವೂ ಇಲ್ಲ. ಊಟವಾದ ಮೇಲೆ ಮಗಳನ್ನೂ ಕರೆದುಕೊಂಡು ಹೋಗುತ್ತೇನೆ. ಸ್ಕೂಲಿನ ಕಥೆಯೆಲ್ಲ ಅವಳು ಹೇಳುವುದು ಆ ಹೊತ್ತಿನಲ್ಲೇ.

ಮೆಟ್ರೋದಲ್ಲಿ ಮೆಟ್ಟಿಲು ಹತ್ತುತ್ತೇನೆ, ಇಳಿಯುವಾಗ ಸದ್ಯಕ್ಕೆ ಎಸ್ಕಲೇಟರ್, ಮೇಷ್ಟ್ರು ಹೇಳಿದ ಹಾಗೆ. ಭಾನುವಾರ ಕಬ್ಬನ್ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲವಲ್ಲ, ಗೆಳತಿಯನ್ನು ಅಲ್ಲಿಗೇ ಬರಹೇಳುತ್ತೇನೆ. ಎರಡು ಪ್ರಶ್ನೆ ಉಳಿದಿವೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಆಗಲೇಬೇಕಾ? ಇಷ್ಟು ಸಣ್ಣದರಿಂದ ನಿಜವಾಗಿ ಸಕ್ಕರೆ ತಡೆಯಬಹುದಾ?

---

ಹಿಮದೂರಿನ ಕನ್ನಡತಿ (ಮಿನಿಯಾಪೊಲಿಸ್)

ಹತ್ತು ಸಾವಿರ ಅನ್ನುವ ಅಂಕಿ ಜನಪ್ರಿಯವಾದದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನದ ಹೆಸರಿನಿಂದ. 2019ರಲ್ಲಿ ಐ-ಮಿನ್ ಲೀ ಮತ್ತು ಜೊತೆಯವರು ಇಲ್ಲಿನ ವಯಸ್ಸಾದ ಹೆಂಗಸರ ಮೇಲೆ ಮಾಡಿದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆ ಹಾಕುವವರಿಗಿಂತ 4,400 ಹಾಕುವವರಲ್ಲಿ ಸಾವಿನ ಪ್ರಮಾಣ ಕಡಿಮೆ ಇತ್ತು. ಸುಮಾರು 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ನಿಮ್ಮ ವಯಸ್ಸಿಗೆ ಇದೇ ಲೆಕ್ಕ ಅಂತಲ್ಲ. ಈಗ ಎಷ್ಟಿದೆಯೋ ಅದಕ್ಕಿಂತ ಒಂದು ಸಾವಿರ ಹೆಚ್ಚು ಮಾಡಿ, ಅದು ಹಗುರವೆನಿಸಿದ ಮೇಲೆ ಮುಂದಿನದು.

---

ಉಣಕಲ್ ದಂಡೆ (ಹುಬ್ಬಳ್ಳಿ)

ಸಕ್ಕರೆ ಪ್ರಶ್ನಿಗೆ ನಮ್ಮ ದೇಶದ್ದೇ ಉತ್ತರ ಅದ. ಹೊಸ್ತಿಲದಾಗ ಇದ್ದ ಮಂದಿಯನ್ನ ಚೆನ್ನೈನ ಸಂಶೋಧಕರು ಎರಡೂವರೆ ವರ್ಷದಷ್ಟು ಬೆನ್ನು ಹತ್ತಿ ನೋಡಿದ್ರು, 2006ರಾಗ ವರದಿ ಬಂತು. ದಿನಾ ಅರ್ಧ ತಾಸಿನಷ್ಟು ಚುರುಕು ನಡಿಗೆ, ಊಟದಾಗ ಹಿಡಿತ, ಇವೆರಡರ ಸಲಹೆ ಪಡೆದವರೊಳಗ ಸಕ್ಕರೆ ಕಾಯಿಲೆ ಆಗೋ ಸಾಧ್ಯತೆ ಶೇ. 28ರಷ್ಟು ಇಳೀತು. ಎಲ್ಲರಿಗೂ ತಡೀತು ಅಂತಲ್ಲ. ಊಟನೂ ಸೇರಿತ್ತು ಅನ್ನೋದು ಮರೀಬ್ಯಾಡ್ರಿ.

ನೀವು ಹೇಳಿದ ತಾರಸಿ, ಮೆಟ್ಟಿಲು ಎರಡೂ ಸೇರಿದ್ರ ಇನ್ನೂ ಅಷ್ಟು ಹೊತ್ತು ಆಗೂದಿಲ್ಲ. ನಾಲ್ಕು ವಾರ ಹಂಗೇ ನಡೀಲಿ, ಆಮ್ಯಾಲ ರಾತ್ರಿಯದಕ್ಕ ಐದೈದು ನಿಮಿಷ ಕೂಡಿಸ್ತಾ ಹೋಗ್ರಿ, ಕುರ್ಚಿ ವ್ಯಾಯಾಮ ವಾರಕ್ಕೆರಡು ಸಲ ಸೇರಿಸ್ರಿ. ಮೂರು ತಿಂಗಳಿಗೆ ರಕ್ತ ಕೊಡೋವಾಗ ಅದೇ ಲ್ಯಾಬಿನಾಗ ಕೊಡ್ರಿ. ಬೂಟು ತಗೊಳ್ಳೋದಾದ್ರ ಸಂಜಿ ಹೊತ್ತು ಹೋಗ್ರಿ, ಆವಾಗ ಪಾದ ಸ್ವಲ್ಪ ಉಬ್ಬಿರ್ತದ. ಹೆಬ್ಬೆರಳಿನ ಮುಂದ ಅರ್ಧ ಇಂಚು ಜಾಗಾ ಇರಬೇಕು.

---

ಕಬ್ಬಿಣದ ಕಡಲೆ (ತುಮಕೂರು)

ಕುರ್ಚಿ ವ್ಯಾಯಾಮ ಶುರುವಾದ ಮೇಲೆ ಬಂದು ಇಲ್ಲೇ ಬರೀರಿ ಅಕ್ಕ. ಭಾರ ಎತ್ತುವ ಕ್ರಮ ಒಂದೊಂದಾಗಿ ನಾನು ಬರೆದುಕೊಡ್ತೀನಿ. ನೋವಾಗದ ಹಾಗೆ ಮಾಡೋದು ಹೇಗೆ ಅನ್ನೋದನ್ನೇ ಮೊದಲು ಹೇಳ್ತೀನಿ.